ಗುರುತಿಲ್ಲದ ರಾಡ್, ಹೊಣೆಯಿಲ್ಲದ ವ್ಯಾಪಾರ

ದಾವಣಗೆರೆ ಮತ್ತು ಹರಿಹರದ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಮೋಟಾರ್ ಸೈಕಲ್‌ಗೆ ಕನೆಕ್ಟಿಂಗ್ ರಾಡ್ ಕಿಟ್ ಕೇಳಿದರೆ, ಒಂದೇ ಅಳತೆಯ ಎರಡು ಮೂರು ಬಗೆಯ ಮಾಲು ಕೌಂಟರಿನ ಮೇಲೆ ಬರುತ್ತದೆ. ನೋಟಕ್ಕೆ ಎಲ್ಲವೂ ಒಂದೇ. ದರದಲ್ಲಿ ಮಾತ್ರ ಅಜಗಜಾಂತರ. ಗ್ರಾಹಕರು ವ್ಯತ್ಯಾಸವೇನೆಂದು ವಿಚಾರಿಸಿದರೆ, ‘ಇದು ಒಳ್ಳೆಯದು, ಅದು ಸಾಧಾರಣ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿ ಬಹುಮಂದಿಯ ಬಳಿ ಇಲ್ಲ. ಇದನ್ನು ಅನ್ಯರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಈ ತಪ್ಪನ್ನು ಸ್ವತಃ ಮಾಡಿದವನಾಗಿ ಬರೆಯುತ್ತಿದ್ದೇನೆ.

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಹೊನ್ನಾಳಿ ಕಡೆಯ ರೈತರೊಬ್ಬರು ತಮ್ಮ ಯೆಜ್ಡಿ ಗಾಡಿಗೆ ನಮ್ಮ ಅಂಗಡಿಯಿಂದ ರಾಡ್ ಕಿಟ್ ಕೊಂಡೊಯ್ದರು. ಅದರ ಮೇಲೆ ತಯಾರಕರ ಹೆಸರಿರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಹರಿಹರದ ತುಂಗಭದ್ರಾ ಸೇತುವೆ ದಾಟಿದ ಕೂಡಲೇ ರಾಡ್ ನಡುವೆ ತುಂಡಾಯಿತು. ಎಂಜಿನ್ ಬಿಗಿದು ಹಿಂದಿನ ಚಕ್ರ ನಿಂತುಹೋಯಿತು. ಅವರು ಬಿದ್ದು ಬಲಗೈ ಮುರಿದುಕೊಂಡರು. ಕೈಗೆ ಪಟ್ಟಿ ಕಟ್ಟಿಕೊಂಡೇ ಒಂದು ದಿನ ಅಂಗಡಿಗೆ ಬಂದು, ತುಂಡಾದ ರಾಡನ್ನು ಕೌಂಟರಿನ ಮೇಲಿಟ್ಟು ಕೇಳಿದ್ದು ಒಂದೇ ಮಾತು: ‘ಸಾವ್ಕಾರ್ರೇ, ಇದು ಯಾವ ಕಬ್ಬಿಣ ಅಂತ ನಿಮಗಾದ್ರೂ ಗೊತ್ತೈತಾ?’

ನನಗೆ ಗೊತ್ತಿರಲಿಲ್ಲ. ನನಗೆ ಮಾಲು ಕಳುಹಿಸಿದ ಸಗಟು ವರ್ತಕರಿಗೂ ಗೊತ್ತಿರಲಿಲ್ಲ. ಹಣ ಹಿಂದಿರುಗಿಸಿದೆ, ಆಸ್ಪತ್ರೆಯ ಖರ್ಚಿನಲ್ಲಿ ಒಂದು ಪಾಲು ಕೊಟ್ಟೆ. ಆದರೆ ಅವರ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಕೊಡಬಲ್ಲ ವ್ಯಾಪಾರವನ್ನು ನಾವು ಕಟ್ಟಿಕೊಳ್ಳಬೇಕು ಎಂಬುದೇ ಈ ಲೇಖನದ ಉದ್ದೇಶ.

ಮುಗಿಯದ ಬೇಡಿಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳೂ 1973ರಿಂದ ಯೆಜ್ಡಿ ಹೆಸರಿನ ಗಾಡಿಗಳೂ ತಯಾರಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಮೂಲ ತಯಾರಕರ ಬಿಡಿಭಾಗದ ಸರಬರಾಜು ಅಲ್ಲಿಗೆ ಮುಗಿಯಿತು, ಗಾಡಿಗಳ ಆಯುಷ್ಯ ಮುಗಿಯಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮಾರುಕಟ್ಟೆಗೆ ಮರಳಿದವಾದರೂ ಅವು ಹೊಸ ಸಂಸ್ಥೆಯ ನಾಲ್ಕು ಸ್ಟ್ರೋಕ್ ಎಂಜಿನ್‌ನ ಗಾಡಿಗಳು. ಹಳೆಯ ಎರಡು ಸ್ಟ್ರೋಕ್ ಎಂಜಿನ್‌ಗೆ ಅವುಗಳ ಭಾಗ ಹೊಂದುವುದಿಲ್ಲ. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್, 1996ರವರೆಗೆ ತಯಾರಾದ ಯಮಹಾ ಆರ್.ಎಕ್ಸ್. 100 ಗಾಡಿಗಳ ವಿಷಯದಲ್ಲೂ ಪರಿಸ್ಥಿತಿ ಬಹುಮಟ್ಟಿಗೆ ಇದೇ.

ಹಿಂದೆ ಇವುಗಳನ್ನು ಓಡಿಸುತ್ತಿದ್ದವರು ಹಾಲು ಮಾರುವವರು, ರೈತರು, ಶಾಲಾ ಮೇಷ್ಟರು. ಇಂದು ಅವರ ಜೊತೆಗೆ ಹವ್ಯಾಸಿಗಳೂ ಸೇರಿದ್ದಾರೆ. ಅಜ್ಜನ ಗಾಡಿಯನ್ನು ಮೊದಲಿನಂತೆ ಮಾಡಿಸಲು ಮೊಮ್ಮಗ ಖರ್ಚಿಗೆ ಹಿಂಜರಿಯುವುದಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳು ಸಾಲುಗಟ್ಟಿ ಹೊರಡುವುದನ್ನು ಕಂಡವರಿಗೆ ಈ ಮಾತು ಮನವರಿಕೆಯಾದೀತು. ಈ ಗ್ರಾಹಕರು ದೂರದ ಊರಿನಿಂದಲೂ ಮಾಲು ತರಿಸುತ್ತಾರೆ, ಒಮ್ಮೆ ಮೋಸಹೋದರೆ ಆ ಸುದ್ದಿಯನ್ನು ನಾಡಿನ ತುಂಬ ಹಂಚುತ್ತಾರೆ. ನಂಬಿಕೆಗೆ ಬೆಲೆ ಕೊಡುವ ಮಾರುಕಟ್ಟೆ ಇದು.

ರಾಡ್ ಹೊರುವ ಹೊರೆ

ಪಿಸ್ಟನ್‌ನ ಮೇಲೆ ಕೆಳಗಿನ ಓಟವನ್ನು ಕ್ರ್ಯಾಂಕ್‌ನ ತಿರುಗುವಿಕೆಯಾಗಿ ಬದಲಿಸುವುದು ಕನೆಕ್ಟಿಂಗ್ ರಾಡ್‌ನ ಕೆಲಸ. ಎಂಜಿನ್‌ನಲ್ಲಿ ಅದರಷ್ಟು ಕಷ್ಟಪಡುವ ಭಾಗಗಳು ಕಡಿಮೆ. ಬುಲೆಟ್ 350ರ ಸ್ಟ್ರೋಕ್ 90 ಮಿ.ಮೀ., ಬೋರ್ 70 ಮಿ.ಮೀ. ರಾಡ್‌ನ ಉದ್ದವು ಕ್ರ್ಯಾಂಕ್ ತ್ರಿಜ್ಯದ ನಾಲ್ಕು ಪಟ್ಟು ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ನಿಮಿಷಕ್ಕೆ 5000 ಸುತ್ತುಗಳಲ್ಲಿ ಪಿಸ್ಟನ್ ಮೇಲ್ತುದಿಯನ್ನು ಮುಟ್ಟಿ ಹಿಂದಿರುಗುವಾಗಿನ ಎಳೆತ ಗುರುತ್ವಾಕರ್ಷಣೆಯ 1500 ಪಟ್ಟಿಗೂ ಮಿಗಿಲು. ಪಿಸ್ಟನ್, ರಿಂಗು, ಪಿನ್ನು ಎಲ್ಲ ಸೇರಿ ಅರ್ಧ ಕಿಲೋ ತೂಗಿದರೂ, ಆ ಕ್ಷಣಕ್ಕೆ ರಾಡನ್ನು ಸುಮಾರು 780 ಕಿಲೋ ಭಾರ ಜಗ್ಗಿದಂತಾಗುತ್ತದೆ. ಮರುಕ್ಷಣದಲ್ಲಿ ಅದೇ ರಾಡನ್ನು ಉರಿದ ಅನಿಲದ ಒತ್ತಡ ಅಮುಕುತ್ತದೆ.

ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸುತ್ತುಗಳು ಶೇ. 10ರಷ್ಟು ಹೆಚ್ಚಿದರೆ ಎಳೆತ ಶೇ. 21ರಷ್ಟು ಹೆಚ್ಚುತ್ತದೆ. 5500 ಸುತ್ತುಗಳಲ್ಲಿ ಅದೇ 780 ಕಿಲೋ ಸುಮಾರು 950 ಕಿಲೋ ಆಗುತ್ತದೆ. ಊರೊಳಗೆ ವರ್ಷಗಟ್ಟಲೆ ಸುಮ್ಮನೆ ಓಡಿದ ಗಾಡಿ ಹೆದ್ದಾರಿಯಲ್ಲಿ ಒಂದು ದಿನ ಕೈಕೊಡುವುದರ ಮರ್ಮ ಇಲ್ಲಿದೆ.

ಇನ್ನೊಂದು ಲೆಕ್ಕವನ್ನು ವರ್ತಕರು ಗಮನಿಸಬೇಕು. ನಿಮಿಷಕ್ಕೆ 4000 ಸುತ್ತಿನಂತೆ ಎಂಜಿನ್ ಒಂದು ಕೋಟಿ ಸುತ್ತು ಮುಗಿಸಲು ಬೇಕಾದ ಕಾಲ ಕೇವಲ 42 ಗಂಟೆ. ಉಕ್ಕಿನ ದಣಿವಿನ ಪರೀಕ್ಷೆಯಲ್ಲಿ ಒಂದು ಕೋಟಿ ಆವರ್ತನೆಯನ್ನು ಸಾಮಾನ್ಯವಾಗಿ ಗಡಿಯೆಂದು ಹಿಡಿಯುತ್ತಾರೆ. ಸರಿಯಾದ ಉಕ್ಕಿನಿಂದ ಸರಿಯಾಗಿ ಮಾಡಿದ ರಾಡ್ ಈ ಗಡಿ ದಾಟಿದರೆ ಅದೇ ಹೊರೆಯಲ್ಲಿ ಬಹುಕಾಲ ಬಾಳುತ್ತದೆ. ದೋಷವಿರುವುದು ಬಹುಪಾಲು ಅದರೊಳಗೇ ಮುರಿಯುತ್ತದೆ. ನನ್ನ ಗ್ರಾಹಕರ ರಾಡ್ ಎರಡು ತಿಂಗಳಲ್ಲಿ ತುಂಡಾದದ್ದು ಆಕಸ್ಮಿಕವಲ್ಲ ಎಂದು ನನಗೆ ತಿಳಿದದ್ದು ಈ ಲೆಕ್ಕವನ್ನು ಕಲಿತ ಮೇಲೆ.

ಯಾವ ಲೋಹ, ಏಕೆ?

ರಾಡ್‌ಗೆ ಸಾಮಾನ್ಯವಾಗಿ ಬಳಸುವುದು ಫೋರ್ಜ್ ಮಾಡಿದ ಉಕ್ಕು. ಕಾದ ಉಕ್ಕನ್ನು ಡೈನಲ್ಲಿ ಬಡಿದಾಗ ಅದರ ಎಳೆಗಳು ರಾಡ್‌ನ ಆಕಾರಕ್ಕೆ ತಕ್ಕಂತೆ ಬಳಸಿಕೊಂಡು ಹರಿಯುತ್ತವೆ. ಮರದ ಎಳೆಯಂತೆಯೇ ಇದು: ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ದುರ್ಬಲ. ಎರಕ ಹೊಯ್ದು ಮಾಡಿದ ನಕಲಿಯಲ್ಲಿ ಈ ಎಳೆಯೇ ಇರುವುದಿಲ್ಲ. ಡೈನ ಅಂಚಿನಲ್ಲಿ ಹೊರಚೆಲ್ಲಿದ ಲೋಹವನ್ನು ಕತ್ತರಿಸಿದ ಅಗಲವಾದ ಪಟ್ಟಿ ಫೋರ್ಜಿಂಗ್‌ನ ಗುರುತು. ಎರಕದಲ್ಲಿ ಸಾಮಾನ್ಯವಾಗಿ ತೆಳುವಾದ ಗೆರೆ ಕಾಣುತ್ತದೆ. ಅನುಭವಿ ಕಣ್ಣಿಗೆ ಇದೊಂದು ಸುಳಿವು, ಆದರೆ ಪುರಾವೆಯಲ್ಲ.

ಉಕ್ಕಿನಲ್ಲೂ ಬಗೆಗಳಿವೆ. ನಮ್ಮ ಲೇತ್ ಶಾಪುಗಳಲ್ಲಿ ಎಲ್ಲರ ಬಾಯಲ್ಲಿರುವ ಇ.ಎನ್. 8 ಎಂಬುದು ಸುಮಾರು ಶೇ. 0.4ರಷ್ಟು ಇಂಗಾಲವಿರುವ ಸಾದಾ ಉಕ್ಕು. ಇ.ಎನ್. 24ರಲ್ಲಿ ಅಷ್ಟೇ ಇಂಗಾಲದ ಜೊತೆಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಇರುತ್ತವೆ. ಸರಿಯಾಗಿ ಹದಗೊಳಿಸಿದರೆ ಶಕ್ತಿಯೂ ತಾಳಿಕೆಯೂ ಎರಡೂ ದೊರೆಯುತ್ತವೆ. ಹಾಗೆಂದು ದುಬಾರಿ ಉಕ್ಕೇ ಎಲ್ಲೆಡೆಯೂ ಸರಿಯಾದ ಉಕ್ಕಲ್ಲ.

ಎರಡು ಸ್ಟ್ರೋಕ್ ಎಂಜಿನ್‌ಗಳನ್ನೇ ತೆಗೆದುಕೊಳ್ಳೋಣ. ಇಂತಹ ಹಲವು ಎಂಜಿನ್‌ಗಳಲ್ಲಿ ಬಿಗ್ ಎಂಡ್‌ನ ರೋಲರುಗಳು ರಾಡ್‌ನ ಕಣ್ಣಿನ ಒಳಗೋಡೆಯ ಮೇಲೆಯೇ ಉರುಳುತ್ತವೆ. ಆ ಗೋಡೆ ಬೇರಿಂಗ್‌ನಷ್ಟೇ, ಅಂದರೆ ರಾಕ್‌ವೆಲ್ ಮಾಪನದಲ್ಲಿ ಸುಮಾರು 58ರಿಂದ 62ರಷ್ಟು ಗಡುಸಾಗಿರಬೇಕು. ಆದರೆ ರಾಡ್‌ನ ನಡುಭಾಗ ಅಷ್ಟು ಗಡುಸಾದರೆ ಗಾಜಿನಂತೆ ಒಡೆಯುತ್ತದೆ. ಆದ್ದರಿಂದ 20 ಎಂ.ಎನ್.ಸಿ.ಆರ್. 5 ಅಥವಾ ಎಸ್.ಎ.ಇ. 8620ರಂತಹ ಕಡಿಮೆ ಇಂಗಾಲದ ಉಕ್ಕನ್ನು ಆಯ್ದು, ಕಣ್ಣಿನ ಭಾಗಕ್ಕೆ ಮಾತ್ರ ಕೇಸ್ ಹಾರ್ಡನಿಂಗ್ ಮಾಡುತ್ತಾರೆ. ಉಳಿದ ಭಾಗಕ್ಕೆ ಇಂಗಾಲ ಸೇರದಿರಲೆಂದು ತಾಮ್ರದ ಲೇಪ ಕೊಡುವುದುಂಟು. ಕೆಲವು ಮೂಲ ರಾಡ್‌ಗಳು ತಾಮ್ರದ ಬಣ್ಣದಲ್ಲಿರುವುದಕ್ಕೆ ಕಾರಣ ಇದು. ಬಣ್ಣವನ್ನು ಮಾತ್ರ ನೋಡಿ ‘ಒರಿಜಿನಲ್’ ಎಂದು ಮಾರುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಅಲ್ಲದೆ ಸವೆದ ಕಣ್ಣನ್ನು ಗ್ರೈಂಡ್ ಮಾಡಿ ದೊಡ್ಡ ರೋಲರ್ ಹಾಕುವಾಗ, ತೆಳುವಾದ ಆ ಗಡುಸು ಪದರ ಎಷ್ಟು ಉಳಿದಿದೆ ಎಂದು ನೋಡದಿದ್ದರೆ ಕೆಲಸ ಮಾಡಿಯೂ ವ್ಯರ್ಥ.

ಹಳೆಯ ಬುಲೆಟ್‌ನ ಕಥೆ ಬೇರೆ. ಅದರ ಮೂಲ ವಿನ್ಯಾಸದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಹಗುರವಾದ ರಾಡ್, ಬಿಗ್ ಎಂಡ್‌ನಲ್ಲಿ ಫ್ಲೋಟಿಂಗ್ ಬುಷ್. ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು ತೂಗುತ್ತದೆ. ಆದ್ದರಿಂದ ಎಂಜಿನ್‌ಗೆ ಹೊರೆ ಕಡಿಮೆ. ಆದರೆ ಉಕ್ಕಿಗಿರುವಂತೆ ದಣಿವಿನ ಸ್ಪಷ್ಟ ಗಡಿ ಈ ಲೋಹಕ್ಕಿಲ್ಲ. ಪ್ರತಿ ಸುತ್ತೂ ಅದರ ಆಯುಷ್ಯದಿಂದ ಒಂದಿಷ್ಟನ್ನು ಕಳೆಯುತ್ತಲೇ ಇರುತ್ತದೆ. ನಿಧಾನವಾಗಿ ಓಡುವ ಗಾಡಿಯಲ್ಲಿ ಅದು ದಶಕಗಳ ಕಾಲ ಬಾಳಿದ್ದುಂಟು. ಅದೇ ಗಾಡಿಗೆ ಹೆಚ್ಚಿನ ಕಂಪ್ರೆಷನ್‌ನ ಪಿಸ್ಟನ್ ಹಾಕಿ ಹೆದ್ದಾರಿಗೆ ಬಿಟ್ಟರೆ ಹಳೆಯ ರಾಡ್ ಉಳಿಯುವ ಭರವಸೆ ಇಲ್ಲ. ಆಗ ಉಕ್ಕಿನ ರಾಡ್, ರೋಲರ್ ಬೇರಿಂಗ್‌ಗೆ ಬದಲಿಸುವುದು ರೂಢಿ. ಉಕ್ಕಿನದು ಭಾರವಾದ್ದರಿಂದ ಕ್ರ್ಯಾಂಕ್‌ನ ಸಮತೋಲ ಮತ್ತೆ ನೋಡಬೇಕಾಗುತ್ತದೆ. ಈ ಮಾತನ್ನು ಗ್ರಾಹಕರಿಗೆ ಹೇಳದೆ ಕಿಟ್ ಮಾತ್ರ ಮಾರಿದರೆ ಅರ್ಧ ವ್ಯಾಪಾರ ಮಾಡಿದಂತೆ.

ತಪ್ಪೆಲ್ಲ ರಾಡ್‌ನದಲ್ಲ

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಮುರಿದ ರಾಡ್‌ಗಳೆಲ್ಲ ಕಳಪೆ ಮಾಲಲ್ಲ. ಜಾವಾ, ಯೆಜ್ಡಿಗಳಲ್ಲಿ ಬಿಗ್ ಎಂಡ್‌ಗೆ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆಗೆ. ಎಣ್ಣೆಯ ಅಳತೆ ತಪ್ಪಿದರೆ ಮೊದಲು ಸಾಯುವುದು ರೋಲರುಗಳು. ಬುಲೆಟ್‌ನ ಫ್ಲೋಟಿಂಗ್ ಬುಷ್ ಪಂಪ್ ಕಳುಹಿಸುವ ಎಣ್ಣೆಯನ್ನೇ ನಂಬಿದೆ. ಎಣ್ಣೆಯ ದಾರಿಯಲ್ಲಿರುವ ಒಂದು ಸಣ್ಣ ಸೀಲ್ ಹಾಳಾದರೂ ಬುಷ್ ಉರಿಯುತ್ತದೆ. ಒತ್ತಿ ಕೂಡಿಸುವ ಕ್ರ್ಯಾಂಕನ್ನು ವಿ-ಬ್ಲಾಕ್, ಡಯಲ್ ಗೇಜ್ ಇಲ್ಲದೆ ಸುತ್ತಿಗೆಯಿಂದಲೇ ನೇರ ಮಾಡುವ ಅಭ್ಯಾಸವೂ ಇನ್ನೂ ಹೋಗಿಲ್ಲ.

ಮುರಿದ ಭಾಗವೇ ಸಾಕ್ಷಿ ಹೇಳುತ್ತದೆ. ಒಡೆದ ಮುಖದಲ್ಲಿ ಕೆರೆಯ ದಂಡೆಯ ಗೆರೆಗಳಂತೆ ಸಾಲುಗಳಿದ್ದರೆ ಬಿರುಕು ನಿಧಾನವಾಗಿ ಬೆಳೆದಿದೆ ಎಂದರ್ಥ. ಕಣ್ಣಿನ ಸುತ್ತ ನೀಲಿಯಾಗಿದ್ದರೆ ಎಣ್ಣೆ ತಲುಪಿಲ್ಲ. ರಾಡ್ ಬಾಗಿ ಆಮೇಲೆ ಮುರಿದಿದ್ದರೆ ಪಿಸ್ಟನ್ ಸೀಜ್ ಆಗಿರುವ ಸಂಭವ ಹೆಚ್ಚು. ಈ ವಿವೇಚನೆ ತಿಳಿದ ವರ್ತಕರು ಸುಳ್ಳು ದೂರಿನಿಂದ ತಮ್ಮನ್ನು ಕಾಪಾಡಿಕೊಳ್ಳಬಲ್ಲರು. ಆದರೆ ನಾವು ಮಾರಿದ ಉಕ್ಕು ಯಾವುದೆಂದು ದಾಖಲೆಯಿದ್ದಾಗ ಮಾತ್ರ ಈ ವಾದಕ್ಕೆ ತೂಕ ಬರುತ್ತದೆ.

ಕಾನೂನು ಏನು ಹೇಳುತ್ತದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಾಗ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯ ಅದರಲ್ಲಿ ಸೇರಿತು. ದೋಷಯುಕ್ತ ವಸ್ತುವಿನಿಂದ ಬಳಕೆದಾರರಿಗೆ ಹಾನಿಯಾದರೆ ತಯಾರಕರು ಪರಿಹಾರ ಕೊಡಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ತಯಾರಕರು ಯಾರೆಂದು ತಿಳಿಯದ ವಸ್ತುವನ್ನು ಮಾರಿದ್ದರೆ, ಮಾರಿದವರನ್ನೇ ಹೊಣೆಗಾರರನ್ನಾಗಿ ಮಾಡಲು 86ನೆಯ ವಿಧಿ ಅವಕಾಶ ಕೊಡುತ್ತದೆ. ಇದನ್ನು ನಮ್ಮಲ್ಲಿ ಅನೇಕರು ಗಮನಿಸಿದಂತಿಲ್ಲ.

‘ನಾವು ತಯಾರಿಸಿದವರಲ್ಲ, ಬಂದ ಮಾಲನ್ನು ಮಾರಿದವರು’ ಎಂಬ ನಮ್ಮ ಹಳೆಯ ಸಮಜಾಯಿಷಿ ಇನ್ನು ನಡೆಯದು. ಹೆಸರಿಲ್ಲದ ರಾಡನ್ನು ಕೈಗೆತ್ತಿಕೊಂಡ ಕ್ಷಣದಲ್ಲಿ ತಯಾರಕರ ಹೊಣೆಯನ್ನೂ ನಾವು ಎತ್ತಿಕೊಂಡಿರುತ್ತೇವೆ. ಒಂದು ಕಿಟ್ಟಿನಲ್ಲಿ ಉಳಿಯುವ ಕೆಲವು ನೂರು ರೂಪಾಯಿಗೆ ಇಷ್ಟು ದೊಡ್ಡ ಹೊರೆ ತಕ್ಕುದೇ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಹರಿಹರದ ರೂಢಿಯನ್ನು ನೆನೆಯೋಣ

ನಿಖರತೆಯ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ವರ್ಕ್‌ಶಾಪುಗಳಲ್ಲಿ ಹೆಸರಾದವು. ‘ಟರ್ನ್‌ಮಾಸ್ಟರ್’ ಎಂದರೆ ಹಳೆಯ ಟರ್ನರುಗಳ ಕಣ್ಣು ಇಂದಿಗೂ ಅರಳುತ್ತದೆ. ಯಂತ್ರದ ಜೊತೆಗೆ ಅದರ ನಿಖರತೆಯ ಪರೀಕ್ಷಾ ಪತ್ರವನ್ನೂ ಕೊಡುವುದು ಯಂತ್ರೋಪಕರಣ ಉದ್ಯಮದ ರೂಢಿ. ಯಂತ್ರ ಎಷ್ಟು ಚೆನ್ನಾಗಿದೆ ಎಂದು ಬಾಯಲ್ಲಿ ಹೇಳುವುದಲ್ಲ, ಅಳೆದು ಬರೆದು ಕೊಡುವುದು. ಕಾರ್ಖಾನೆ ಇಂದು ಇಲ್ಲ. ಅಲ್ಲಿ ಕೆಲಸ ಕಲಿತವರು ಹಾಗೂ ಅವರಿಂದ ಕಲಿತವರು ನಮ್ಮ ನಡುವೆ ಇದ್ದಾರೆ. ಹೆಸರಿಲ್ಲದ ಮಾಲಿನ ಸಂತೆಯಾಗುವುದು ಇಂತಹ ಊರಿಗೆ ಶೋಭೆಯಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಬಂಡವಾಳದ ಮಾತು ನಾನು ಆಡುತ್ತಿಲ್ಲ. ನಾಲ್ಕು ಸಣ್ಣ ಸಲಹೆಗಳನ್ನು ಮಾತ್ರ ಮುಂದಿಡುತ್ತೇನೆ.

ಮೊದಲನೆಯದು, ಬಿಲ್ಲಿನಲ್ಲಿ ಬರೆಯುವುದು. ತಯಾರಕರ ಹೆಸರು, ಉಕ್ಕಿನ ದರ್ಜೆ, ಬ್ಯಾಚ್ ಸಂಖ್ಯೆ ಈ ಮೂರು ವಿವರಗಳಿಲ್ಲದ ರಾಡನ್ನು ಸಗಟು ವರ್ತಕರಿಂದ ಸ್ವೀಕರಿಸಬಾರದು. ಒಬ್ಬರು ನಿರಾಕರಿಸಿದರೆ ಅವರ ವ್ಯಾಪಾರ ಪಕ್ಕದ ಅಂಗಡಿಗೆ ಹೋಗುತ್ತದೆ. ಎಲ್ಲರೂ ಸೇರಿ ನಿರಾಕರಿಸಿದರೆ ಮಾಲಿನ ಮೇಲೆ ಹೆಸರು ಬರುತ್ತದೆ.

ಎರಡನೆಯದು, ಸಾಮೂಹಿಕ ಪರೀಕ್ಷೆ. ಪ್ರತಿಯೊಬ್ಬರೂ ಪ್ರಯೋಗಾಲಯ ಇಟ್ಟುಕೊಳ್ಳಲಾಗದು. ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ದಾವಣಗೆರೆಯಲ್ಲಿ 1951ರಿಂದ ಯು.ಬಿ.ಡಿ.ಟಿ., 1979ರಿಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳಿವೆ. ವಾಣಿಜ್ಯೋದ್ಯಮ ಸಂಸ್ಥೆಯು ಇವುಗಳೊಡನೆ ಮಾತನಾಡಿ, ಸದಸ್ಯರು ತರಿಸಿದ ಪ್ರತಿ ಬ್ಯಾಚಿನಿಂದ ಒಂದು ರಾಡನ್ನು ಗಡುಸುತನ, ಬಿರುಕು ಹಾಗೂ ರಾಸಾಯನಿಕ ಪರೀಕ್ಷೆಗೆ ಒಳಪಡಿಸುವ ವ್ಯವಸ್ಥೆ ಮಾಡಬಹುದು. ಉಕ್ಕಿನ ಬಿರುಕನ್ನು ಕಾಂತೀಯ ಪುಡಿಯಿಂದ ಕಾಣಬಹುದು. ಅಲ್ಯೂಮಿನಿಯಂಗೆ ಕಾಂತ ಹಿಡಿಯದು, ಅದಕ್ಕೆ ಬಣ್ಣದ ದ್ರಾವಣದ ಪರೀಕ್ಷೆ. ಖರ್ಚನ್ನು ಬ್ಯಾಚಿನ ಎಲ್ಲ ಕಿಟ್ಟುಗಳ ಮೇಲೆ ಹಂಚಿದರೆ ಅದು ಭಾರವಾಗಲಾರದು.

ಮೂರನೆಯದು, ಇಲ್ಲಿಯೇ ತಯಾರಿಸುವ ಪ್ರಯತ್ನ. ಫೋರ್ಜಿಂಗ್ ಡೈಗೆ ತಗಲುವ ವೆಚ್ಚ ಕಡಿಮೆ ಸಂಖ್ಯೆಯ ಮಾಲಿಗೆ ಹೊರೆಯೆಂಬುದು ನಿಜ. ಆದರೆ ಫೋರ್ಜ್ ಮಾಡಿದ ಕಚ್ಚಾ ರಾಡನ್ನು ಹೊರಗಿನಿಂದ ತರಿಸಿ ಮೆಷಿನಿಂಗ್, ಗ್ರೈಂಡಿಂಗ್, ಪರೀಕ್ಷೆಗಳನ್ನು ಇಲ್ಲಿ ಮಾಡಬಹುದು. ಬೇಡಿಕೆ ತೀರ ಕಡಿಮೆಯಿರುವ ಮಾದರಿಗಳಿಗೆ ಇ.ಎನ್. 24ರ ಸರಳಿನಿಂದಲೇ ಸಿ.ಎನ್.ಸಿ.ಯಲ್ಲಿ ಕಡೆದು ತೆಗೆಯಬಹುದು. ಬೆಲೆ ಹೆಚ್ಚಾದರೂ ಡೈನ ಹಂಗಿಲ್ಲ. ರೋಲರ್ ನೇರವಾಗಿ ಉರುಳುವ ರಾಡ್‌ಗೆ ಮಾತ್ರ, ಮೇಲೆ ಹೇಳಿದಂತೆ, ಕೇಸ್ ಹಾರ್ಡನಿಂಗ್‌ನ ಉಕ್ಕೇ ಬೇಕು.

ನಾಲ್ಕನೆಯದು ಚಿಕ್ಕದಾದರೂ ಮುಖ್ಯ. ಗುರುತು ಹಾಕುವ ಉತ್ಸಾಹದಲ್ಲಿ ರಾಡ್‌ನ ನಡುಭಾಗಕ್ಕೆ ಪಂಚ್ ಹೊಡೆಯಬಾರದು. ಆ ಗುಳಿಯೇ ಬಿರುಕಿನ ಮೊಳಕೆಯಾದೀತು. ಬಿಗ್ ಎಂಡ್‌ನ ಚಪ್ಪಟೆ ಮುಖದ ಮೇಲೆ, ಆಳವಿಲ್ಲದಂತೆ ಲೇಸರ್‌ನಿಂದ ಬರೆಯುವುದು ಲೇಸು.

‘ಬಡ ಗ್ರಾಹಕರಿಗೆ ಅಗ್ಗದ ಮಾಲೂ ಬೇಕಲ್ಲ’ ಎಂಬ ಆಕ್ಷೇಪಣೆ ಬರುವುದು ಸಹಜ. ಅಗ್ಗದ ಮಾಲು ಬೇಡವೆಂದು ನಾನು ಹೇಳುತ್ತಿಲ್ಲ. ಇ.ಎನ್. 8ರ ರಾಡನ್ನು ಇ.ಎನ್. 8 ಎಂದೇ ಬರೆದು, ಯಾವ ಗಾಡಿಗೆ, ಎಂತಹ ಓಟಕ್ಕೆ ಅದು ಹೊಂದುತ್ತದೆ ಎಂದು ತಯಾರಕರೇ ತಿಳಿಸಿ ಮಾರಿದರೆ ಯಾರ ತಕರಾರೂ ಇಲ್ಲ. ಗೊತ್ತಿಲ್ಲದ ಉಕ್ಕನ್ನು ಗೊತ್ತಿರುವವರಂತೆ ಮಾರುವುದಕ್ಕೆ ಮಾತ್ರ ನನ್ನ ವಿರೋಧ. ಅಗ್ಗವೆಂದು ಮುಗ್ಗಲು ಜೋಳ ಕೊಂಡವರು ಒಂದು ಹೊತ್ತಿನ ಊಟ ಕಳೆದುಕೊಳ್ಳುತ್ತಾರೆ. ಅಗ್ಗವೆಂದು ಹೆಸರಿಲ್ಲದ ರಾಡ್ ಕೊಂಡವರು ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಆ ರೈತರು ಇಂದಿಗೂ ನಮ್ಮ ಅಂಗಡಿಗೆ ಬರುತ್ತಾರೆ. ಎರಡನೆಯ ಬಾರಿ ನಾನು ಅವರಿಗೆ ಕೊಟ್ಟ ರಾಡ್‌ನ ಜೊತೆಗೆ ತಯಾರಕರ ಪರೀಕ್ಷಾ ಪತ್ರದ ಪ್ರತಿಯನ್ನೂ ಕೊಟ್ಟೆ. ಅದರ ಅಂಕಿಗಳು ಅವರಿಗೆ ಅರ್ಥವಾಗಲಿಲ್ಲ, ಆದರೂ ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸಾಮೂಹಿಕ ಪರೀಕ್ಷೆಯ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಅಲ್ಲಿಯವರೆಗೆ ಕಾಯದೆ, ತಮ್ಮ ಅಂಗಡಿಯ ಕಪಾಟಿನಲ್ಲಿರುವ ರಾಡ್‌ಗಳನ್ನು ಸದಸ್ಯ ಬಾಂಧವರು ಇಂದೇ ಒಮ್ಮೆ ತಿರುಗಿಸಿ ನೋಡಲಿ. ಹೆಸರಿಲ್ಲದ್ದನ್ನು ಪಕ್ಕಕ್ಕಿಡಲಿ.